ಕಲಬುರಗಿ ಅನ್ನೋದು ನದಿಯಲ್ಲ

ನದಿ ಮೀನುಗಳ ಡಿಎನ್‌ಎ ಅಧ್ಯಯನ ನಮ್ಮದು. ಮಾದರಿ ತರುವ ಹುಡುಗರು ಚೀಟಿಯಲ್ಲಿ ನದಿಯ ಬದಲು ಊರಿನ ಹೆಸರು ಬರೆದು ತರುತ್ತಾರೆ. ಹೋದ ವಾರವೂ ಅಂಥದೇ ಒಂದು ಬಾಟಲಿ ನನ್ನ ಟೇಬಲ್ಲಿಗೆ ಬಂತು. ಒಳಗೆ ಬೆರಳುದ್ದದ ನಾಲ್ಕು ಮೀನು, ಹೊರಗೆ ಚೀಟಿ: 'ಸ್ಥಳ: ಕಲಬುರಗಿ'.

"ಯಾವ ನೀರಿನವಪ್ಪ ಇವು?"

"ಮಾರ್ಕೆಟ್‌ನಾಗ ತೊಗೊಂಡೀನ್ರಿ ಮೇಡಂ. ಭೀಮಾದವೇ ಇರಬೇಕ್ರಿ."

ಇರಬೇಕು! ಆ ಮಾರ್ಕೆಟ್ಟಿಗೆ ಆಂಧ್ರದ ಕೆರೆ ಮೀನೂ ಐಸ್ ಪೆಟ್ಟಿಗೆಯಲ್ಲಿ ಬರುತ್ತದೆ, ಬೀದರಿನ ಕಾರಂಜಾ ಡ್ಯಾಮಿಂದಲೂ ಬರುತ್ತದೆ. ಹುಡುಗ ಎರಡು ತಿಂಗಳು ಓಡಾಡಿದ್ದ. ಬೈಯಲು ಮನಸ್ಸಾಗಲಿಲ್ಲ, ಆದರೆ ಆ ಬಾಟಲಿಯನ್ನು ಪಕ್ಕಕ್ಕಿಟ್ಟೆ.

ಬೇರೆ ಊರಿನ ಪ್ರಯೋಗಾಲಯಗಳ ಜೊತೆ ಸೇರಿ ಕೆಲಸ ಮಾಡುವಾಗ ನಾವು ಕಳಿಸುವುದು ಅಕ್ಕಿಕಾಳಿನಷ್ಟು ರೆಕ್ಕೆಯ ಚೂರು. ಅಲ್ಲಿ ಕೂತವರಿಗೆ ಡಿಎನ್‌ಎ ಅಕ್ಷರಗಳು ಕಾಣುತ್ತವೆ, ಹೊಳೆ ಕಾಣುವುದಿಲ್ಲ. ಹೊಳೆಯನ್ನು ಹೇಳಬೇಕಾದವರು ನಾವು. ಊರಿನ ಹೆಸರಲ್ಲ, ಜಿಲ್ಲೆಯ ಹೆಸರಲ್ಲ, ನೀರಿನ ಹೆಸರು. ಇಷ್ಟು ಹೇಳಿದರೂ ಮುಂದಿನ ಚೀಟಿಯಲ್ಲಿ 'ಬೀದರ್' ಎಂದು ಬರೆದು ತರುತ್ತಾರೆ. ಅದಕ್ಕೇ ಮತ್ತೆ ಹೇಳುತ್ತೇನೆ.

ಬಸವಕಲ್ಯಾಣ ತಾಲ್ಲೂಕನ್ನೇ ನೋಡಿ. ಅಲ್ಲಿನ ಚುಳಕಿ ನಾಲಾ ಮಾಂಜ್ರಾ ನದಿ ಸೇರಿ ಗೋದಾವರಿಗೆ ಹೋಗುತ್ತದೆ. ಅದೇ ತಾಲ್ಲೂಕಿನ ಮುಲ್ಲಾಮಾರಿ ಹೊಳೆ ಕಾಗಿಣಾ ನದಿಗೆ, ಕಾಗಿಣಾ ಭೀಮಾಕ್ಕೆ, ಭೀಮಾ ಕೃಷ್ಣೆಗೆ. ಬೈಕ್ ಮೇಲೆ ಹೋಗುವವರಿಗೆ ನಡುವಿನ ದಿಬ್ಬ ಗಮನಕ್ಕೂ ಬರುವುದಿಲ್ಲ. ಮೀನಿಗೆ ಅದು ದಾಟಲಾಗದ ಗೋಡೆ. ಮನುಷ್ಯ ಕಾಲುವೆ ತೋಡದೆ, ಮರಿ ತಂದು ಬಿಡದೆ ಇದ್ದರೆ ಈ ಎರಡು ನೀರು ಕೂಡುವುದು ಬಂಗಾಳ ಕೊಲ್ಲಿಯ ಉಪ್ಪಿನಲ್ಲೇ. ಅಷ್ಟು ಕಾಲ ಬೇರೆಯಾಗಿದ್ದ ಮೀನುಗಳಲ್ಲಿ ಏನು ಬದಲಾಯಿತು ಎಂಬುದೇ ನಮ್ಮ ಪ್ರಶ್ನೆ. ಹಾಗಿರುವಾಗ ಒಂದೇ ತಾಲ್ಲೂಕೆಂದು ಎರಡೂ ಕಡೆಯ ಮೀನನ್ನು ಒಂದೇ ಬಾಟಲಿಗೆ ಹಾಕಿದರೆ, ಪ್ರಶ್ನೆಯನ್ನೇ ಹೂತುಹಾಕಿದಂತೆ. ಅವೆರಡೂ ಬೇರೆ ಜಾತಿ ಎಂದು ನಾನು ಹೇಳುತ್ತಿಲ್ಲ. ಒಂದೇ ಆಗಿರಲೂಬಹುದು. ನಾಲ್ಕಾರು ಮೀನು ನೋಡಿ ಹೇಳುವ ಮಾತೂ ಅದಲ್ಲ. ಡ್ಯಾಮಿನ ಕಟ್ಲಾ, ರೋಹುಗಳಿಗಂತೂ ಈ ಲೆಕ್ಕವೇ ಹಿಡಿಯದು. ಅವು ಉತ್ತರದ ನದಿಗಳ ಮೀನು, ನಾವು ಮರಿ ತಂದು ಬಿಟ್ಟವು.

ಯಾವ ಮೀನು ಯಾವ ನೀರಿನದು ಎಂದು ನೋಡದೆ ಬೆಲೆ ತೆತ್ತ ಉದಾಹರಣೆಯೂ ಇದೆ. 1839ರಲ್ಲಿ ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ ಒಂದು ಮಹಸೀರ್ ಮೀನನ್ನು ವರ್ಣಿಸಿದ. ಸಿಕ್ಕಿದ್ದು ಪುಣೆಯ ಮುಳಾ-ಮುಠಾ ನದಿಯಲ್ಲಿ ಎಂದು ಬರೆದಿಟ್ಟ. ಆ ನದಿ ನಮ್ಮ ಭೀಮೆಗೇ ಸೇರುತ್ತದೆ. ಆ ಮೀನು ಇಂದಿನ 'ಟೋರ್ ಖುದ್ರಿ'. ಮುಂದೆ ಅದರ ಮರಿಗಳನ್ನು ಲೋನಾವಳದಲ್ಲಿ ಬೆಳೆಸಿ ಕಾವೇರಿಗೂ ಬಿಟ್ಟರು. ಉದ್ದೇಶ ಒಳ್ಳೆಯದೇ. ಆದರೆ ಕಾವೇರಿಯ ಸ್ವಂತದ ಡುಬ್ಬದ ಮಹಸೀರ್ ಕಡಿಮೆಯಾಗುತ್ತ ಬಂತು. ಅದಕ್ಕೆ 'ಟೋರ್ ರೇಮಾದೇವಿಯೈ' ಎಂಬ ಸರಿಯಾದ ಹೆಸರು ಹತ್ತಿದ್ದು 2018ರಲ್ಲಿ, ಅಳಿವಿನ ಅಂಚಿಗೆ ಬಂದ ಮೇಲೆ. ಯಾವ ಮೀನು ಯಾವ ನದಿಯದು ಎಂಬ ಬರಹ ಉಳಿದಿದ್ದರಿಂದಲೇ ಇಷ್ಟಾದರೂ ತಿಳಿಯಿತು.

ಉಳಿದದ್ದು ಮಾದರಿ ತರುವ ನಿಮಗೆ ಗೊತ್ತು. ಮೀನನ್ನು ಕೆಡದಂತೆ ಇಡುವ ಫಾರ್ಮಲಿನ್ನಿಗೆ ಹಾಕುವ ಮೊದಲೇ ರೆಕ್ಕೆಯ ಚೂರು ಕತ್ತರಿಸಿ 95% ಆಲ್ಕೋಹಾಲಿಗೆ ಹಾಕಿ. ಚೀಟಿ ಪೆನ್ಸಿಲ್ಲಿನಲ್ಲೇ ಬರೆದು ಬಾಟಲಿಯ ಒಳಗಿಡಿ, ಪೆನ್ನಿನ ಶಾಯಿ ಕರಗುತ್ತದೆ. ಮಾದರಿ ವಿದೇಶಕ್ಕೆ ಹೋಗುವುದಿದ್ದರೆ ಜೀವವೈವಿಧ್ಯ ಕಾಯ್ದೆಯ ಅನುಮತಿ ಬೇಕೇ ಎಂದು ಮೊದಲೇ ವಿಚಾರಿಸಿ.

ಮಾರ್ಕೆಟ್ ಬಿಟ್ಟು ದಂಡೆಗೆ ಹೋಗಿ. ಭೀಮಾ ನದಿಯ ಸನ್ನತಿ ಬ್ಯಾರೇಜಿನ ಕೆಳಗೆ ಒಬ್ಬ ಹಿರಿಯರು ಬೆಳಗಿನ ಜಾವ ಹರಗೋಲು ದಂಡೆಗೆ ಎಳೆದು, ಬಲೆಯಿಂದ ಮೀನು ಬಿಡಿಸುತ್ತ ಒಂದನ್ನು ಬೇರೆ ಇಟ್ಟರು. "ಇದು ಇಲ್ಲೀದಲ್ಲರೀ ಅಕ್ಕೋರೆ. ಕಾಗಿಣಾದ್ದು. ಮೊನ್ನಿ ಮಳಿಗಿ ಕೆಳಗ ಬಂದದ." ಹೇಗೆ ಗೊತ್ತಾಯಿತೆಂದು ಕೇಳಿದೆ. ಹೊಟ್ಟೆಯ ಬಣ್ಣ ತೋರಿಸಿದರು. ಅವರ ಮಾತು ನಿಜವೋ ಅಲ್ಲವೋ ಡಿಎನ್‌ಎ ಹೇಳಲಿ. ನಾನು ಅದನ್ನೂ ಚೀಟಿಯಲ್ಲಿ ಬರೆದುಕೊಂಡೆ. 'ಹಿಡಿದವರು' ಎಂಬ ಸಾಲಿಗೆ ಬಂದಾಗ ಅವರ ಹೆಸರು ಕೇಳಿದೆ.

"ನನ್ನ ಹೆಸರೂ ಬಾಟ್ಲ್ಯಾಗ ಹೋಗ್ತದೇನ್ರಿ?" ಎಂದರು. ಹೌದು ಎಂದೆ. ಕೈ ಒರೆಸಿಕೊಂಡು, ಅಪ್ಪನ ಹೆಸರಿನ ಸಮೇತ ನಿಧಾನಕ್ಕೆ ಹೇಳಿ ಬರೆಸಿದರು.