ಲಾವಾ ಗೋಡೆಗಳ ನಡುವಿನ ಹಳ್ಳದ ದಾರಿ: ಸಾಂದಣ ಕಮರಿಯ ಅಧ್ಯಯನ ಟಿಪ್ಪಣಿ

ಭೂಗೋಳ ಓದುವವರು ಸಾಮಾನ್ಯವಾಗಿ ಕಮರಿಗೆ ಇಳಿಯುವುದಿಲ್ಲ. ಕಮರಿಗೆ ಇಳಿಯುವವರು ಭೂಗೋಳದ ಪುಸ್ತಕ ತೆರೆಯುವುದಿಲ್ಲ. ಈ ಟಿಪ್ಪಣಿಯನ್ನು ಇಬ್ಬರಿಗೂ ಸೇರಿಸಿ ಬರೆದಿದ್ದೇನೆ. ಉದಾಹರಣೆಗೆ ಆರಿಸಿಕೊಂಡದ್ದು ಮಹಾರಾಷ್ಟ್ರದ ಸಾಂದಣ ದರಿ. ಅಹಿಲ್ಯಾನಗರ (ಹಿಂದಿನ ಅಹಮದ್‌ನಗರ) ಜಿಲ್ಲೆಯ ಅಕೋಲೆ ತಾಲ್ಲೂಕಿನಲ್ಲಿ, ಭಂಡಾರದರಾ ಜಲಾಶಯದ ಆಚೆಗೆ ಸಾಮ್ರದ್ ಎಂಬ ಹಳ್ಳಿಯಿದೆ. ಹಳ್ಳಿಯಿಂದ ಸ್ವಲ್ಪ ದೂರ ನಡೆದರೆ ಸಮತಟ್ಟಾದ ನೆಲ ಇದ್ದಕ್ಕಿದ್ದಂತೆ ಸೀಳಿಕೊಳ್ಳುತ್ತದೆ. ಆ ಸೀಳಿನೊಳಗೆ ಹಳ್ಳದ ಜೊತೆಗೇ ಇಳಿಯುತ್ತ ಹೋದರೆ ಕೊನೆಗೆ ಕೊಂಕಣ ಸಿಗುತ್ತದೆ.

ಮೊದಲು ಒಂದು ತಪ್ಪು ಕಲ್ಪನೆಯನ್ನು ಪಕ್ಕಕ್ಕಿಡೋಣ. ಜ್ವಾಲಾಮುಖಿ ಪ್ರದೇಶವೆಂದ ಮೇಲೆ ಶಂಕುವಿನಾಕಾರದ ಬೆಟ್ಟ, ಅದರ ನೆತ್ತಿಯಲ್ಲೊಂದು ಬಾಯಿ ಇರಲೇಬೇಕೆಂದು ಹುಡುಕುವವರಿದ್ದಾರೆ. ಇಲ್ಲಿ ಅಂಥದ್ದೇನೂ ಕಾಣುವುದಿಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಉದ್ದನೆಯ ಬಿರುಕುಗಳಿಂದ ಲಾವಾ ಉಕ್ಕಿ, ಹರಡಿ, ತಣಿಯಿತು. ಅದರ ಮೇಲೆ ಮತ್ತೊಂದು ಹರಿವು, ಅದರ ಮೇಲೆ ಇನ್ನೊಂದು. ಇದೇ ದಖ್ಖನ್ ಟ್ರ್ಯಾಪ್. ಇಂದು ಉಳಿದಿರುವ ಹರವೇ ಸುಮಾರು ಐದು ಲಕ್ಷ ಚದರ ಕಿಲೋಮೀಟರ್. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿ (1646 ಮೀಟರ್) ಕೂಡ ಜ್ವಾಲಾಮುಖಿಯ ಬಾಯಿಯಲ್ಲ. ಸುತ್ತಲಿನ ಪದರಗಳನ್ನೆಲ್ಲ ನೀರು ಕೊಚ್ಚಿಕೊಂಡು ಹೋದ ಮೇಲೆ ಉಳಿದುಕೊಂಡ ತುಂಡು. ರತನಗಡ, ಅಲಂಗ್, ಮದನ್, ಕುಲಂಗ್ ಕೋಟೆಗಳ ಬೆಟ್ಟಗಳೂ ಹಾಗೆಯೇ. ಅಂದರೆ ಇಲ್ಲಿನ ನೆಲವನ್ನು ಕಟ್ಟಿದ್ದು ಬೆಂಕಿ, ಆದರೆ ಬೆಟ್ಟ ಕಣಿವೆಗಳ ಆಕಾರ ಕೊಟ್ಟದ್ದು ಹಳ್ಳಗಳು.

ಇನ್ನೊಂದು ಗೊಂದಲ ನಮ್ಮ ಕಡೆಯದು. ಪಶ್ಚಿಮಘಟ್ಟವೆಲ್ಲ ಲಾವಾದಿಂದಾದದ್ದು ಎಂದು ಉತ್ತರಪತ್ರಿಕೆಯಲ್ಲಿ ಬರೆಯಬೇಡಿ. ದಖ್ಖನ್ ಲಾವಾ ದಕ್ಷಿಣದಲ್ಲಿ ಬೆಳಗಾವಿಯ ಆಸುಪಾಸಿಗೆ ಮುಗಿಯುತ್ತದೆ. ಆಗುಂಬೆ, ಕೊಡಚಾದ್ರಿ, ಕುದುರೆಮುಖದ ಶಿಲೆಗಳು ಅದಕ್ಕಿಂತ ನೂರಾರು ಕೋಟಿ ವರ್ಷ ಹಳೆಯವು. ಗೋಕಾಕದ ಜಲಪಾತದಲ್ಲೂ ಘಟಪ್ರಭೆ ಧುಮುಕುವುದು ಲಾವಾದ ಮೇಲಿಂದಲ್ಲ, ಅದಕ್ಕಿಂತ ಬಹಳ ಹಳೆಯ ಮರಳುಗಲ್ಲಿನ ಮೇಲಿಂದ.

ಗೋಡೆಯನ್ನು ಓದುವುದು

ಕಮರಿಯೊಳಗೆ ನಿಂತಾಗ ಎಡಬಲದ ಗೋಡೆಗಳನ್ನು ಒಂದೇ ಕರಿಬಂಡೆ ಎಂದು ನೋಡಬಾರದು. ಒಂದೊಂದು ಲಾವಾ ಹರಿವಿಗೂ ಬುಡ, ನಡು, ನೆತ್ತಿ ಎಂಬ ಮೂರು ಭಾಗಗಳಿವೆ. ನೀರು ಈ ಮೂರನ್ನೂ ಬೇರೆ ಬೇರೆಯಾಗಿ ನಡೆಸಿಕೊಳ್ಳುತ್ತದೆ.

ಲಾವಾದಲ್ಲಿ ಕರಗಿದ್ದ ಅನಿಲ ಮೇಲಕ್ಕೇರಿ ಗುಳ್ಳೆಗಟ್ಟುತ್ತದೆ. ಮೇಲ್ಭಾಗ ಬೇಗ ತಣಿಯುವುದರಿಂದ ಗುಳ್ಳೆಗಳು ಅಲ್ಲೇ ಸಿಕ್ಕಿಕೊಳ್ಳುತ್ತವೆ. ಹೀಗಾಗಿ ಹರಿವಿನ ನೆತ್ತಿ ತೂತುತೂತಾಗಿರುತ್ತದೆ. ಮುಂದೆ ಆ ತೂತುಗಳಲ್ಲಿ ಬಿಸಿನೀರು ಹರಿದಾಡಿ ಜಿಯೋಲೈಟ್, ಸ್ಫಟಿಕ ಮುಂತಾದ ಖನಿಜಗಳನ್ನು ತುಂಬುತ್ತದೆ. ಕಪ್ಪು ಗೋಡೆಯಲ್ಲಿ ಬಿಳಿಯ ಚುಕ್ಕೆಗಳು ಕಂಡರೆ ಅವು ಇವೇ. ಬುಡದಲ್ಲೂ ಕೆಲವೊಮ್ಮೆ ಗುಳ್ಳೆಗಳಿರುತ್ತವೆ, ಆದರೆ ಅವು ದುಂಡಗಿರದೆ ಸಣ್ಣ ಕೊಳವೆಗಳಂತೆ ನಿಂತಿರುತ್ತವೆ. ಈ ಎರಡು ಗುರುತುಗಳು ಸಿಕ್ಕರೆ ಒಂದು ಹರಿವು ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಬಹುದು. ಪ್ರಯೋಗಾಲಯ ಬೇಕಿಲ್ಲ.

ನಡುಭಾಗದ್ದು ಬೇರೆಯೇ ಗುಣ. ಅದು ನಿಧಾನವಾಗಿ ತಣಿದ ದಟ್ಟ ಶಿಲೆ. ತಣಿಯುತ್ತ ಕುಗ್ಗುವಾಗ, ಬೇಸಿಗೆಯಲ್ಲಿ ಎರೆಹೊಲ ಬಿರಿಯುವಂತೆ, ಲಾವಾ ಬಿರಿಯುತ್ತದೆ. ಬಿರುಕುಗಳು ಆಳಕ್ಕೆ ಇಳಿದಾಗ ಕಂಬಗಳಾಗುತ್ತವೆ. ಹಲವು ಕಂಬಗಳಿಗೆ ಆರು ಮುಖ, ಕೆಲವಕ್ಕೆ ಐದು, ಕೆಲವಕ್ಕೆ ಏಳು. ಚೊಕ್ಕವಾದ ಕಂಬಗಳನ್ನು ನೋಡಬೇಕೆಂದರೆ ಸಾಂದಣಕ್ಕಿಂತ ಉಡುಪಿಯ ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪವೇ ಮೇಲು. ಅಲ್ಲಿನ ಲಾವಾ ದಖ್ಖನ್‌ನದ್ದಲ್ಲ. ಅದು ಇನ್ನೂ ಹಳೆಯದು, ಮಡಗಾಸ್ಕರ್ ನಮ್ಮ ಭೂಭಾಗದಿಂದ ಬೇರ್ಪಟ್ಟ ಕಾಲದ್ದು. ಆದರೆ ಕಂಬ ಕಟ್ಟುವ ಕ್ರಮ ಒಂದೇ.

ಎರಡು ಹರಿವುಗಳ ನಡುವೆ ಕೆಲವೆಡೆ ಇಟ್ಟಿಗೆ ಬಣ್ಣದ ತೆಳು ಪಟ್ಟಿ ಕಾಣುತ್ತದೆ. ಇದಕ್ಕೆ ಬೋಲ್ ಪದರ ಎಂಬ ಹೆಸರಿದೆ. ಒಂದು ಹರಿವು ತಣಿದು, ಮುಂದಿನದು ಬರುವ ಮೊದಲು ಮಳೆಗಾಳಿಗೆ ಸವೆದು ಮಣ್ಣಾಗಲು ಬಿಡುವು ಸಿಕ್ಕಿತ್ತು ಎಂಬುದಕ್ಕೆ ಇದು ಸಾಕ್ಷಿ. ಚಾರಣಿಗರಿಗೆ ಇದರ ಉಪಯೋಗ ಇನ್ನೂ ನೇರ. ಬೋಲ್ ಜೇಡಿಯಂಥದ್ದು, ಮೇಲಿನ ಬಿರುಕುಗಳಲ್ಲಿ ಇಳಿದು ಬಂದ ನೀರು ಅಲ್ಲಿ ತಡೆದು ಪಕ್ಕಕ್ಕೆ ಜಿನುಗುತ್ತದೆ. ಬೇಸಿಗೆಯಲ್ಲೂ ಒದ್ದೆಯಿರುವ ಸಾಲು, ಪಾಚಿ, ಜರೀಗಿಡಗಳು ಹೆಚ್ಚಾಗಿ ಇಂಥ ಗಡಿರೇಖೆಯ ಮೇಲೆಯೇ ಇರುತ್ತವೆ. ಪರೀಕ್ಷೆಗೆ ಓದುವವರು ಈ ಪಟ್ಟಿಯನ್ನು ಚಿತ್ರದಲ್ಲಿ ಬಿಡಬಾರದು.

ಹಳ್ಳ ಮೆಟ್ಟಿಲಾಗುವುದು ಹೇಗೆ

ಇಷ್ಟು ತಿಳಿದ ಮೇಲೆ ದಾರಿಯ ಸ್ವಭಾವ ತಾನಾಗಿ ಅರ್ಥವಾಗುತ್ತದೆ. ದಟ್ಟ ನಡುಭಾಗದ ಮೇಲೆ ಹರಿಯುವಾಗ ನೀರಿಗೆ ತಳ ಕೊರೆಯುವುದು ಕಷ್ಟ. ಅಲ್ಲಿ ಹಳ್ಳ ಹಾಸುಗಲ್ಲಿನ ಮೇಲೆ ತೆಳ್ಳಗೆ ಹರಡುತ್ತದೆ. ಅದರ ಅಂಚು ತಲುಪಿ ಧುಮುಕಿದಾಗ, ಕೆಳಗಿನ ಹರಿವಿನ ತೂತುಗಲ್ಲು, ಬೋಲ್ ಬೇಗ ಸವೆಯುತ್ತವೆ. ಬುಡ ಟೊಳ್ಳಾಗುತ್ತದೆ, ಮೇಲಿನ ಗಟ್ಟಿ ಶಿಲೆ ಆಧಾರವಿಲ್ಲದೆ ಚಾಚಿಕೊಳ್ಳುತ್ತದೆ, ಒಂದು ದಿನ ಬಿರುಕಿನ ಗುಂಟ ಮುರಿದು ಬೀಳುತ್ತದೆ. ಜಲಪಾತ ಅಷ್ಟು ಹಿಂದಕ್ಕೆ ಸರಿಯುತ್ತದೆ. ಹಾಸುಗಲ್ಲು, ಧುಮುಕು, ಮಡು, ಮತ್ತೆ ಹಾಸುಗಲ್ಲು: ಇಳಿಯುವವರ ಮೊಣಕಾಲಿಗೆ ತಿಳಿಯುವ ಕ್ರಮ ಇದೇ. ಅಜಂತಾದ ಗುಹೆಗಳಿರುವ ವಾಘೋರಾ ಹಳ್ಳವೂ ಕುದುರೆಲಾಳದ ಕಣಿವೆಯ ತಲೆಯಲ್ಲಿ ಹೀಗೆಯೇ ಏಳು ಹಂತಗಳಲ್ಲಿ ಕೆಳಗೆ ಬೀಳುತ್ತದೆ. ಚಿತ್ರಗಳನ್ನು ನೋಡಲು ಹೋದವರು ಒಮ್ಮೆ ತಿರುಗಿ ಹಳ್ಳವನ್ನೂ ನೋಡಿದರೆ ಒಳ್ಳೆಯದು.

ಆದರೆ ಮೆಟ್ಟಿಲು ಇದ್ದಲ್ಲೆಲ್ಲ ಸಾಂದಣದಂಥ ಇಕ್ಕಟ್ಟು ಬರುವುದಿಲ್ಲ. ಕೆಲವು ಕಡೆ ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಕಿರಿದು, ಗೋಡೆಗಳು ನೂರಾರು ಅಡಿ ಎತ್ತರ. ಭೂಕಂಪವಾಗಿ ನೆಲ ಸೀಳಿತು ಎಂಬ ವಿವರಣೆ ಇಂಥ ಕಮರಿಗಳ ಬಗ್ಗೆ ಸುಲಭವಾಗಿ ಹುಟ್ಟುತ್ತದೆ. ನನಗೆ ಅದು ಸೋಮಾರಿತನದ ಉತ್ತರವೆನಿಸುತ್ತದೆ. ಬರಿಯ ಸೀಳಾಗಿದ್ದರೆ ತಳದ ಬಂಡೆ ನುಣುಪಾಗಿ, ಗೋಡೆಯ ಕೆಳಭಾಗ ಬಾಗಿ ಸವೆದಿರಲು ಕಾರಣವಿರಲಿಲ್ಲ. ಬಿರುಕು ನೀರಿಗೆ ದಾರಿ ತೋರಿಸಿತು, ಕೊರೆದದ್ದು ನೀರು ಮತ್ತು ಅದು ಹೊತ್ತು ತಂದ ಕಲ್ಲು. ಇದಕ್ಕೆ ಮೂರು ಸಂಗತಿಗಳು ಕೂಡಿ ಬರಬೇಕು: ಹಿಡಿದು ಹೋಗಲು ಉದ್ದನೆಯ ಬಿರುಕು, ಕುಸಿಯದೆ ನೆಟ್ಟಗೆ ನಿಲ್ಲುವ ಗೋಡೆ, ಕಡಿದಾದ ಇಳಿಜಾರಿನಲ್ಲಿ ನಾಲ್ಕೇ ತಿಂಗಳಲ್ಲಿ ಸುರಿಯುವ ವರ್ಷದ ಮಳೆ.

ಇಳಿಜಾರಿನ ಪಾತ್ರವನ್ನು ರತನಗಡದ ಸುತ್ತಲೇ ಕಾಣಬಹುದು. ಪ್ರವರಾ ಅಲ್ಲಿ ಹುಟ್ಟಿ ಪೂರ್ವಕ್ಕೆ ಹರಿದು, ಗೋದಾವರಿಯನ್ನು ಸೇರಿ ಬಂಗಾಳ ಕೊಲ್ಲಿಯತ್ತ ನೂರಾರು ಕಿಲೋಮೀಟರ್ ಸಾಗುತ್ತದೆ, ಅದಕ್ಕೆ ಆತುರವಿಲ್ಲ. ಪಕ್ಕದಲ್ಲೇ ಸಾಂದಣದ ನೀರು ಪಶ್ಚಿಮಕ್ಕೆ ತಿರುಗಿ ಘಟ್ಟದಂಚಿನಿಂದ ನೇರ ಕೊಂಕಣಕ್ಕೆ ಬೀಳುತ್ತದೆ. ಒಂದೇ ಶಿಲೆ, ಒಂದೇ ಮಳೆ, ಎರಡು ಬಗೆಯ ಕಣಿವೆ. ವಿಜಯಪುರ, ಕಲಬುರಗಿ, ಬೀದರ ಜಿಲ್ಲೆಗಳಲ್ಲೂ ಇದೇ ದಖ್ಖನ್ ಲಾವಾ ಇದೆ. ಆದರೆ ಅಲ್ಲಿ ಪದರ ತೆಳು, ನೆಲ ಸಮತಟ್ಟು, ಮಳೆ ಕಡಿಮೆ. ಆದ್ದರಿಂದ ಆ ಕಲ್ಲು ಕಮರಿಯಾಗದೆ ಎರೆಮಣ್ಣಾಯಿತು.

ಘಟ್ಟದಂಚಿನಲ್ಲಿ ಇಂಥ ಕೊರಕಲುಗಳಿಗೆ ಡೈಕ್‌ಗಳೂ ಕಾರಣವಾಗುತ್ತವೆ. ಡೈಕ್ ಎಂದರೆ ಹಳೆಯ ಶಿಲೆಯ ಬಿರುಕಿಗೆ ನುಗ್ಗಿ ಅಲ್ಲೇ ಗಟ್ಟಿಯಾದ ಲಾವಾದ ನಿಲುವು ಹಲಗೆ. ಅದು ಸುತ್ತಲಿನ ಕಲ್ಲಿಗಿಂತ ಗಟ್ಟಿಯಾಗಿದ್ದರೆ ಗೋಡೆಯಾಗಿ ಎದ್ದು ನಿಲ್ಲುತ್ತದೆ. ಹೆಚ್ಚು ಬಿರುಕು ಬಿಟ್ಟಿದ್ದರೆ ಅದೇ ಮೊದಲು ಸವೆದು ಓಣಿಯಾಗುತ್ತದೆ. ಡೈಕ್ ಯಾವಾಗಲೂ ಎದ್ದೇ ನಿಲ್ಲುತ್ತದೆ ಎಂದು ಬಾಯಿಪಾಠ ಮಾಡಿದವರು ಇದನ್ನು ಗಮನಿಸಿ.

ಇಳಿಯುವವರಿಗೆ

ನೀರು ಮತ್ತು ಮನುಷ್ಯ ಒಂದೇ ಬಿರುಕಿನಲ್ಲಿ ನಡೆಯುತ್ತಾರೆ. ಈ ದಾರಿಯ ಎಲ್ಲ ಎಚ್ಚರಿಕೆಗಳೂ ಇದರಿಂದಲೇ ಹುಟ್ಟುತ್ತವೆ. ದಟ್ಟ ಬಸಾಲ್ಟ್ (ಈ ಲಾವಾ ತಣಿದು ಆದ ಕಪ್ಪು ಶಿಲೆ) ಮಳೆನೀರನ್ನು ಬೇಗ ಹೀರಿಕೊಳ್ಳುವುದಿಲ್ಲ, ಬಿದ್ದದ್ದೆಲ್ಲ ಹಳ್ಳಕ್ಕೆ ಬರುತ್ತದೆ. ಕಮರಿಯೊಳಗೆ ಆಕಾಶ ಒಂದು ಪಟ್ಟಿಯಷ್ಟೇ ಕಾಣುವುದರಿಂದ ಮೇಲಿನ ಬಯಲಿನಲ್ಲಿ ಮೋಡ ಕವಿದದ್ದು ತಿಳಿಯುವುದಿಲ್ಲ. 1997ರ ಆಗಸ್ಟ್‌ನಲ್ಲಿ ಅಮೆರಿಕದ ಆಂಟಲೋಪ್ ಕಮರಿಯಲ್ಲಿ 11 ಮಂದಿ ಸತ್ತದ್ದು ತಲೆಯ ಮೇಲೆ ಸುರಿದ ಮಳೆಯಿಂದಲ್ಲ. ಮೈಲಿಗಟ್ಟಲೆ ದೂರದಲ್ಲಿ ಸುರಿದ ಮಳೆ ಕಮರಿಗೆ ನುಗ್ಗಿತು. ಅದು ಮರಳುಗಲ್ಲಿನ ಕಮರಿ, ಆದರೆ ಇಕ್ಕಟ್ಟಿನ ಲೆಕ್ಕ ಬದಲಾಗದು. ಮುಂಗಾರಿನಲ್ಲಿ ಸಾಂದಣಕ್ಕೆ ಇಳಿಯುವ ಮಾತೇ ಬೇಡ. ಮಳೆ ಸಂಪೂರ್ಣ ನಿಂತ ಮೇಲೆ, ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಅನುಕೂಲ. ಆಗಲೂ ಮೊದಲ ಭಾಗದಲ್ಲಿ ನೀರು ನಿಂತ ಮಡುಗಳಿರುತ್ತವೆ. ಬಿಸಿಲು ತಾಗದ ಆ ನೀರು ಸೊಂಟದವರೆಗೆ ಬಂದರೂ ಅಚ್ಚರಿಯಿಲ್ಲ.

ಗೋಡೆಯ ಸಂದಿನಲ್ಲಿ ಸಿಕ್ಕಿಕೊಂಡ ಕಸಕಡ್ಡಿ, ಒಣಹುಲ್ಲು, ಮರದ ದಿಮ್ಮಿಗಳನ್ನು ಹುಡುಕಿ. ಅವು ಕಳೆದ ಪ್ರವಾಹದ ಎತ್ತರ ಹೇಳುತ್ತವೆ, ಮತ್ತು ಆ ಎತ್ತರ ಸಾಮಾನ್ಯವಾಗಿ ನಿಮ್ಮ ತಲೆಗಿಂತ ಮೇಲಿರುತ್ತದೆ. ಕಾಲ ಕೆಳಗಿನ ಬಂಡೆಗಳಲ್ಲೂ ಎರಡು ಜಾತಿ. ಮೂಲೆಗಳು ಸವೆದು ದುಂಡಗಾದವು ಹಳ್ಳ ಉರುಳಿಸಿ ತಂದವು, ಹೆಚ್ಚಾಗಿ ಕದಲದೆ ಕೂತಿರುತ್ತವೆ ಆದರೆ ಜಾರುತ್ತವೆ. ಅಂಚು ಚೂಪಾಗಿರುವವು ಇತ್ತೀಚೆಗೆ ಗೋಡೆಯಿಂದ ಕಳಚಿ ಬಿದ್ದವು. ಜಾರುವುದಿಲ್ಲ, ಆದರೆ ಅಲುಗಾಡುತ್ತವೆ. ಅಂಥವು ರಾಶಿಯಾಗಿ ಬಿದ್ದಿರುವಲ್ಲಿ ಊಟಕ್ಕೆ ಕೂರಬೇಡಿ. ಸ್ಪೇನಿನ ಟೆನೆರಿಫ್ ದ್ವೀಪದ ಮಾಸ್ಕಾ ಕಮರಿಯೂ ಲಾವಾದಲ್ಲೇ ಕೊರೆದದ್ದು. ಅಲ್ಲಿ ಹೆಲ್ಮೆಟ್ ಇಲ್ಲದೆ ಇಳಿಯಲು ಬಿಡುವುದಿಲ್ಲ. ನಮ್ಮಲ್ಲಿ ಹೆಲ್ಮೆಟ್ ಹಗ್ಗದ ಇಳಿತಕ್ಕೆ ಮಾತ್ರ ಎಂಬ ಭಾವನೆಯಿದೆ, ಅದು ಸರಿಯಲ್ಲ.

ಹೆಜ್ಜೇನು ಇನ್ನೊಂದು ಅಪಾಯ. ಚಾಚಿಕೊಂಡ ಬಸಾಲ್ಟ್ ಅಂಚುಗಳು ಅವಕ್ಕೆ ಹೇಳಿ ಮಾಡಿಸಿದ ಜಾಗ. ಹೊಗೆ, ಸುಗಂಧದ್ರವ್ಯ, ಗಟ್ಟಿ ಕೂಗು ಮೂರೂ ಬೇಡ. ಓಡಿ ತಪ್ಪಿಸಿಕೊಳ್ಳಲು ಅಲ್ಲಿ ಜಾಗವಿಲ್ಲ.

ಬಂಡೆಗಳ ಭಾಗ ಮುಗಿದ ಮೇಲೆ ಹಗ್ಗ ಕಟ್ಟಿ ಇಳಿಯಲೇಬೇಕಾದ ಧುಮುಕುಗಳು ಬರುತ್ತವೆ. ಪದರದ ಲೆಕ್ಕದಲ್ಲಿ ನೋಡಿದರೆ ಒಂದೊಂದೂ ಒಂದು ಗಟ್ಟಿ ಹರಿವಿನ ಅಂಚು. ಹಗ್ಗ ಎಳೆದುಕೊಂಡ ಮೇಲೆ ಹಿಂದಿರುಗುವ ದಾರಿ ಮುಚ್ಚಿದಂತೆ, ಆದ್ದರಿಂದ ಹಗ್ಗದ ಕೆಲಸ ಬಲ್ಲವರು, ಸಾಮ್ರದ್‌ನ ಮಾರ್ಗದರ್ಶಿಗಳು ಜೊತೆಗಿಲ್ಲದಿದ್ದರೆ ಮೊದಲ ಧುಮುಕಿನವರೆಗೆ ಹೋಗಿ ಮರಳುವುದೇ ಜಾಣತನ. ಗೋಡೆ ಓದಲು ಬೇಕಾದದ್ದರಲ್ಲಿ ಬಹುಪಾಲು ಅಷ್ಟರಲ್ಲೇ ಸಿಗುತ್ತದೆ. ಪೂರ್ತಿ ಇಳಿದವರು ಕೊಂಕಣದ ಕಡೆಯ ಡೇಹಣೆ ಹಳ್ಳಿಗೆ ಹೊರಬರಬಹುದು, ಇಲ್ಲವೇ ಕರೋಲಿ ಘಾಟಿನ ಹಳೆಯ ಕಾಲುದಾರಿ ಹತ್ತಿ ಸಾಮ್ರದ್‌ಗೆ ಮರಳಬಹುದು. ನಕ್ಷೆ ಬರೆಯುವವರಿಗೆ ಎರಡನೆಯದೇ ಸರಿ: ಕಮರಿಯೊಳಗೆ ಮೇಲಿನಿಂದ ಎಣಿಸಿದ ಹರಿವುಗಳನ್ನು ಹತ್ತುವಾಗ ಬಯಲಿನ ಬೆಳಕಿನಲ್ಲಿ ಕೆಳಗಿನಿಂದ ಮತ್ತೆ ಎಣಿಸಿ, ಎರಡು ಲೆಕ್ಕಗಳನ್ನೂ ತಾಳೆ ನೋಡಬಹುದು.