ಹೂಂ ಎಂದ ಕೂಡಲೇ ಸಿಗುವ ನಿರಾಳ

ಸಹೋದ್ಯೋಗಿಯೊಬ್ಬರು ಬಂದು "ಈ ವರದಿ ನೀವೇ ಮುಗಿಸಿಕೊಡ್ತೀರಾ?" ಎಂದು ಕೇಳುತ್ತಾರೆ. ನಿಮಗೆ ಮೊದಲೇ ಕೈತುಂಬ ಕೆಲಸ. ಆದರೂ ಅವರ ಮಾತು ಮುಗಿಯುವ ಮುನ್ನವೇ "ಅದಕ್ಕೇನಂತೆ, ಕೊಡಿ" ಎಂದುಬಿಟ್ಟಿರುತ್ತೀರಿ. ಅವರ ಮುಖ ಅರಳುತ್ತದೆ, ನಿಮ್ಮ ಎದೆಯ ಬಿಗಿತ ಸಡಿಲವಾಗುತ್ತದೆ. ರಾತ್ರಿ ನಿದ್ದೆಗೆಟ್ಟು ಆ ವರದಿಯ ಮುಂದೆ ಕೂತಾಗ ಮಾತ್ರ ಅವರ ಮೇಲೆ ಎಲ್ಲಿಲ್ಲದ ಸಿಟ್ಟು.

ನಾವು ಸಾಮಾನ್ಯವಾಗಿ ಗಮನಿಸುವುದು ಆ ಸಿಟ್ಟನ್ನು. ಎಲ್ಲರ ಮೆಚ್ಚುಗೆ ಬಯಸುವ ಅಭ್ಯಾಸ ನಮ್ಮಲ್ಲಿದೆಯೇ ಎಂದು ತಿಳಿಯಬೇಕಾದರೆ ನೋಡಬೇಕಾದದ್ದು ಅದಕ್ಕೂ ಮುಂಚಿನ ಆ ನಿರಾಳವನ್ನು. ಯಾವುದಾದರೂ ವರ್ತನೆಯಿಂದ ಅಹಿತಕರ ಸ್ಥಿತಿಯೊಂದು ತಟ್ಟನೆ ತಪ್ಪಿದರೆ ಆ ವರ್ತನೆ ಬಲಗೊಳ್ಳುತ್ತದೆ. ಬಿ.ಎಫ್. ಸ್ಕಿನ್ನರ್ ಹಾಕಿಕೊಟ್ಟ ದಾರಿಯಲ್ಲಿ ನಡೆದ ಮನೋವಿಜ್ಞಾನಿಗಳು ಇದನ್ನು ಋಣಾತ್ಮಕ ಪುನರ್ಬಲನ ಎನ್ನುತ್ತಾರೆ. ಒಪ್ಪಿಕೊಂಡ ಕ್ಷಣದಲ್ಲೇ ಆತಂಕ ಇಳಿಯುತ್ತದೆ, ತೆರಬೇಕಾದ ಬೆಲೆ ಮಾತ್ರ ಗಂಟೆಗಟ್ಟಲೆ ತಡವಾಗಿ ಬರುತ್ತದೆ. ಹಾಗಾಗಿ ಎಷ್ಟು ಸಲ ಪಶ್ಚಾತ್ತಾಪಪಟ್ಟರೂ ಅಭ್ಯಾಸ ಬಿಡುವುದಿಲ್ಲ. "ನನಗೆ ಮನೋಬಲವೇ ಇಲ್ಲ" ಎಂದು ತಮ್ಮನ್ನು ಹಳಿದುಕೊಳ್ಳುವವರಿಗೆ ಈ ಸಂಗತಿ ಗೊತ್ತಿರಬೇಕು ಎಂಬುದು ನನ್ನ ಆಸೆ.

ಆದರೆ ಆ ಆತಂಕವಾದರೂ ಎಲ್ಲಿಂದ ಬರುತ್ತದೆ? ಮನೋವಿಜ್ಞಾನಿ ಮಾರ್ಕ್ ಲಿಯರಿ ಮತ್ತು ಸಂಗಡಿಗರು 1995ರಲ್ಲಿ ಮಂಡಿಸಿದ ವಾದದ ಪ್ರಕಾರ, ಸ್ವಾಭಿಮಾನವೆಂಬುದು ಇತರರು ನಮ್ಮನ್ನು ಎಷ್ಟರ ಮಟ್ಟಿಗೆ ತಮ್ಮವರೆಂದು ಒಪ್ಪಿದ್ದಾರೆ ಎಂಬುದನ್ನು ಅಳೆಯುತ್ತಲೇ ಇರುವ ಒಳಗಿನ ಮಾಪಕ. ಗುಂಪನ್ನು ನಂಬಿಯೇ ಬದುಕುಳಿದ ಜೀವಿಗೆ ಅಂಥದ್ದೊಂದು ಬೇಕೇ ಬೇಕಿತ್ತು. 2003ರಲ್ಲಿ ನವೋಮಿ ಐಸನ್‌ಬರ್ಗರ್ ತಂಡ ಮಿದುಳಿನ ಸ್ಕ್ಯಾನರ್‌ನೊಳಗಿದ್ದವರಿಗೆ ಕಂಪ್ಯೂಟರ್‌ನಲ್ಲಿ ಚೆಂಡು ಎಸೆಯುವ ಆಟ ಆಡಿಸಿತು. ನಡುವೆ ಇದ್ದಕ್ಕಿದ್ದಂತೆ ಅವರಿಗೆ ಯಾರೂ ಚೆಂಡು ಎಸೆಯದಾದರು. ಆಗ ದೈಹಿಕ ನೋವಿನ ಯಾತನೆಯಲ್ಲೂ ಪಾತ್ರ ವಹಿಸುವ ಮಿದುಳಿನ ಭಾಗವೊಂದು ಚುರುಕಾದದ್ದು ಕಂಡಿತು. ಆ ಭಾಗ ನೋವಿಗಷ್ಟೇ ಮೀಸಲಲ್ಲ ಎಂಬ ಆಕ್ಷೇಪ ಮುಂದೆ ಬಂದಿದೆ, ಅದು ಸರಿಯೂ ಹೌದು. ಆದರೆ ಅಪರಿಚಿತರು ಆಟದಿಂದ ಹೊರಗಿಟ್ಟರೂ ಮನಸ್ಸು ಮುದುಡುತ್ತದೆ ಎಂಬುದರಲ್ಲಿ ಅನುಮಾನವಿಲ್ಲ.

ಅಂದಮೇಲೆ ಮೆಚ್ಚುಗೆಯ ಹಂಬಲ ಎಲ್ಲರಲ್ಲೂ ಇದೆ. ಕೆಲವರಲ್ಲಿ ಅದು ಅತಿಯಾಗುತ್ತದೆ. ಯಾರಿಗೂ ಬೇಸರವಾಗಬಾರದೆಂದು ಸದಾ ತವಕಿಸುವ ಈ ಗುಣವನ್ನು ಜೂಲಿ ಎಕ್ಸ್‌ಲೈನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಸರಳವಾಗಿ ಹಿಡಿದು ತೋರಿಸಿದೆ. 101 ಕಾಲೇಜು ವಿದ್ಯಾರ್ಥಿಗಳು ಮೊದಲು ಪ್ರಶ್ನಾವಳಿಗೆ ಉತ್ತರಿಸಿದರು. ಆಮೇಲೆ ಒಬ್ಬೊಬ್ಬರ ಪಕ್ಕದಲ್ಲೂ ಸಹಭಾಗಿಯಂತೆ ನಟಿಸುವವರೊಬ್ಬರು ಕೂತರು. ಅವರು ಚಾಕೊಲೇಟ್ ಮಿಠಾಯಿಯ ಬಟ್ಟಲಿನಿಂದ ಒಂದಿಷ್ಟು ತೆಗೆದುಕೊಂಡು ಬಟ್ಟಲನ್ನು ಇತ್ತ ಚಾಚಿದರು. ಇತರರನ್ನು ಮೆಚ್ಚಿಸುವ ಗುಣ ಹೆಚ್ಚಿದ್ದವರು ಹೆಚ್ಚು ಮಿಠಾಯಿ ತೆಗೆದುಕೊಂಡರು, ಅದೂ ಎದುರಿಗಿದ್ದವರಿಗೆ ಹಿತವೆನಿಸಲಿ ಎಂದು. ಯಾರೂ ಒತ್ತಾಯ ಮಾಡಿರಲಿಲ್ಲ. ಎಷ್ಟು ತಿನ್ನಬೇಕೆಂಬುದನ್ನು ಕೂಡ ಪಕ್ಕದವರ ಮನಸ್ಸು ಊಹಿಸಿ ತೀರ್ಮಾನಿಸುವ ಮಟ್ಟಕ್ಕೆ ಈ ಅಭ್ಯಾಸ ಬೇರುಬಿಡುತ್ತದೆ.

ನಿಮ್ಮಲ್ಲಿ ಇದನ್ನು ಹುಡುಕುವುದಾದರೆ ಇಂಥ ಚಿಕ್ಕಪುಟ್ಟ ಜಾಗಗಳಲ್ಲೇ ಹುಡುಕಿ. ಬರೆದ ಮೆಸೇಜನ್ನು "ತಪ್ಪು ತಿಳಿದುಕೊಂಡಾರು" ಎಂದು ಅಳಿಸಿ ಮತ್ತೆ ಮತ್ತೆ ಬರೆಯುತ್ತೀರಾ? ನಿಮ್ಮದಲ್ಲದ ತಪ್ಪಿಗೂ ಮೊದಲು ಕ್ಷಮೆ ಕೇಳುವವರು ನೀವೇನಾ? ಸಿನಿಮಾ ಹೇಗಿತ್ತು ಎಂದು ಕೇಳಿದರೆ, ಕೇಳಿದವರಿಗೆ ಹಿಡಿಸಿತೋ ಇಲ್ಲವೋ ಎಂದು ತಿಳಿದ ಮೇಲಷ್ಟೇ ಬಾಯಿ ಬಿಡುತ್ತೀರಾ? ಇವೆಲ್ಲ ಎಲ್ಲರಿಗೂ ಆಗೊಮ್ಮೆ ಈಗೊಮ್ಮೆ ಆಗುವಂಥವೇ. ಹಾಗೆ ಮಾಡದಿದ್ದರೆ ಜೀವ ಚಡಪಡಿಸುತ್ತದೆ ಎಂದಾದರೆ ಅದು ಬೇರೆ ಮಾತು. ಒಳ್ಳೆಯತನಕ್ಕೂ ಇದಕ್ಕೂ ಇರುವ ಅಂತರ ಅಲ್ಲೇ ಕಾಣುವುದು. ಅಕ್ಕರೆಯಿಂದ ನೆರವಾಗುವವರಿಗೆ ಆಗದು ಎನ್ನುವ ದಾರಿಯೂ ತೆರೆದಿರುತ್ತದೆ. ಭಯದಿಂದ ನೆರವಾಗುವವರಿಗೆ ಅದು ಮುಚ್ಚಿರುತ್ತದೆ.

ಬಿಡಿಸಿಕೊಳ್ಳಲು ಒಮ್ಮೆಗೇ ನಿಷ್ಠುರವಾಗಬೇಕಿಲ್ಲ. "ನೋಡಿ ಸಂಜೆ ಹೇಳ್ತೀನಿ" ಎಂದಷ್ಟೇ ಹೇಳಿ ಸುಮ್ಮನಿರುವುದು ಒಳ್ಳೆಯ ಆರಂಭ. ಆತಂಕ ಏರುತ್ತದೆ, ಒಪ್ಪಿಗೆ ಕೊಡದಿದ್ದರೂ ತಾನಾಗಿಯೇ ಇಳಿಯುತ್ತದೆ. ಈ ಇಳಿತವನ್ನು ಮೈಯೇ ಅನುಭವಿಸಿ ಕಲಿಯಬೇಕು, ಓದಿನಿಂದ ಬರುವಂಥದ್ದಲ್ಲ. ಜೊತೆಗೆ, ಆಹ್ವಾನ ನಿರಾಕರಿಸಿದರೆ ಕರೆದವರಿಗೆ ಎಷ್ಟು ಬೇಸರವಾದೀತು ಎಂದು ನಾವು ಎಣಿಸುತ್ತೇವೋ, ನಿಜವಾಗಿ ಆಗುವ ಬೇಸರ ಅದಕ್ಕಿಂತ ಕಡಿಮೆ ಎಂದು ಜೂಲಿಯನ್ ಗಿವಿ ಮತ್ತು ಕಾಲೀನ್ ಕರ್ಕ್ ಅವರ ಪ್ರಯೋಗಗಳು ತೋರಿಸಿವೆ.

ಈ ಸಲಹೆ ಎಲ್ಲ ಕಡೆಗೂ ಹೊಂದುವುದಿಲ್ಲ. ಇಲ್ಲ ಎಂದರೆ ಕೆಲಸ ಹೋಗುವ, ಮನೆಯಲ್ಲಿ ಏಟು ಬೀಳುವ ಪರಿಸ್ಥಿತಿಯಲ್ಲಿ ಇರುವವರು ತಲೆಯಾಡಿಸುವುದು ತಮ್ಮನ್ನು ಕಾಪಾಡಿಕೊಳ್ಳಲು. ಅವರಿಗೆ "ಗಟ್ಟಿಯಾಗಿ ಇಲ್ಲ ಎನ್ನಿ" ಎಂದು ಉಪದೇಶಿಸುವುದು ಕ್ರೂರ. ಅವರಿಗೆ ಮೊದಲು ಬೇಕಾದದ್ದು ಸುರಕ್ಷಿತ ಜಾಗ ಮತ್ತು ಬೆನ್ನಿಗೆ ನಿಲ್ಲುವ ಜನ.