ಆಪರೇಷನ್ ಆದಮೇಲೂ ಸ್ಕೋರ್ ಬರೆಯುವ ಹುಡುಗ

ಹುಟ್ಟುವ ನೂರು ಮಕ್ಕಳಲ್ಲಿ ಹೆಚ್ಚುಕಮ್ಮಿ ಒಂದಕ್ಕೆ ಹೃದಯದಲ್ಲಿ ಏನಾದರೊಂದು ದೋಷ ಇರುತ್ತದೆ. ಹೃದಯದ ಒಳಗೋಡೆಯಲ್ಲಿ ತೂತು ಇರುವುದೇ ಜಾಸ್ತಿ. ನಮ್ಮ ಕೊಡಗಿನ ಮಕ್ಕಳು ಮೈಸೂರಿಗೋ ಬೆಂಗಳೂರಿಗೋ ಹೋಗಿ ಆಪರೇಷನ್ ಮಾಡಿಸಿಕೊಂಡು ಬರುತ್ತಾರೆ. ಆಮೇಲೆ ಜ್ವರ, ಕೆಮ್ಮು ಅಂತ ಮಡಿಕೇರಿಯಲ್ಲಿ ನನ್ನ ಹತ್ತಿರ ಬರುತ್ತಾರೆ. ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ಚೆನ್ನಾಗಿರುತ್ತದೆ. ಮಗು ಮಾತ್ರ ಮಂಕಾಗಿರುತ್ತದೆ.

ಐದನೇ ಕ್ಲಾಸಿನ ಒಬ್ಬ ಹುಡುಗ. ಆಟದ ಪೀರಿಯಡ್ ಬಂದರೆ ಸ್ಕೋರ್ ಬರೆಯುವುದು ಇವನ ಕೆಲಸ, ನೀರಿನ ಬಾಟಲಿ ಕಾಯುವುದೂ ಇವನೇ. 1997ರಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದ ಜಿಲ್ಲೆ ಇದು. ಇಲ್ಲಿ ಸ್ಟಿಕ್ ಮುಟ್ಟದ ಹುಡುಗನನ್ನು ಗೆಳೆಯರು ಲೆಕ್ಕಕ್ಕೇ ಇಡುವುದಿಲ್ಲ. ಇವನ ಹೃದಯದ ತೂತು ಮುಚ್ಚಿ ವರ್ಷಗಳೇ ಆಗಿವೆ. ಹೃದಯದ ಡಾಕ್ಟರ್ ಆಟ ಬೇಡ ಅಂದಿಲ್ಲ. ಮತ್ತೆ ಯಾರು ಅಂದಿದ್ದು ಅಂತ ಕೇಳಿದೆ. ಅಮ್ಮ ಅಜ್ಜಿಯ ಮುಖ ನೋಡಿದರು, ಅಜ್ಜಿ ಕಿಟಕಿ ಕಡೆ ನೋಡಿದರು.

ಅಜ್ಜಿಯನ್ನು ಬೈಯಲು ನನಗೆ ಮನಸ್ಸಿಲ್ಲ. ಐಸಿಯು ಹೊರಗೆ ರಾತ್ರಿ ಕಳೆದವರ ಭಯ ಅಷ್ಟು ಸುಲಭಕ್ಕೆ ಇಳಿಯಲ್ಲ. ಆದರೆ ಆ ಭಯವನ್ನು ಮಗು ಕಲಿತುಬಿಡುತ್ತದೆ. ಓಡಿದಾಗ ಎಲ್ಲರಿಗೂ ಎದೆ ಹೊಡೆದುಕೊಳ್ಳುತ್ತದೆ, ಅಲ್ವಾ? ಈ ಮಗು ಅಲ್ಲೇ ನಿಂತುಬಿಡುತ್ತದೆ. ದೋಷ ದೊಡ್ಡದಾಗಿದ್ದ ಮಗು ಖುಷಿಯಾಗಿರುವುದನ್ನೂ, ಚಿಕ್ಕ ತೂತಿನ ಮಗು ಕುಗ್ಗಿ ಹೋಗಿರುವುದನ್ನೂ ನೋಡಿದ್ದೇನೆ. ಮನೆಯವರ ಆತಂಕ ಎಷ್ಟಿದೆ ಅನ್ನುವುದೂ ಅಷ್ಟೇ ಮುಖ್ಯ.

ಇಂಥ ಮಕ್ಕಳ ಬದುಕು ಹೇಗಿದೆ ಅಂತ ತಿಳಿಯಲು ಪ್ರಶ್ನಾವಳಿಗಳಿವೆ. ಒಂದನ್ನು ಮಗು ತುಂಬುತ್ತದೆ, ಇನ್ನೊಂದನ್ನು ಅಪ್ಪ ಅಮ್ಮ. ಎರಡೂ ಎಷ್ಟೋ ಸಲ ತಾಳೆಯಾಗುವುದಿಲ್ಲ. ಅದಕ್ಕೇ ನಾನು ದೊಡ್ಡವರನ್ನು ಐದು ನಿಮಿಷ ಹೊರಗೆ ಕೂರಿಸುತ್ತೇನೆ. ಆಗ ಬರುವ ಮಾತೇ ಬೇರೆ. ಸ್ನಾನದ ಮನೆಯಲ್ಲಿ ಗಾಯದ ಗುರುತು ನೋಡಿ ನಕ್ಕ ಅಣ್ಣ, ಮುಂದಿನ ಚೆಕಪ್‌ನ ಸೂಜಿ. ಚಿಕ್ಕವರಲ್ಲಿ ಕೆಲವರು 'ತಪ್ಪು ಮಾಡಿದ್ದಕ್ಕೇ ಹೀಗಾಯ್ತು' ಅಂದುಕೊಂಡಿರುತ್ತಾರೆ. ಬಸುರಿಯಾಗಿದ್ದಾಗ ಅಮ್ಮ ಗ್ರಹಣ ನೋಡಿದ್ದಕ್ಕೆ ಅಂತ ಮನೆಯಲ್ಲಿ ಆಡಿಕೊಂಡಿದ್ದೂ ಅವರ ಕಿವಿಗೆ ಬಿದ್ದಿರುತ್ತದೆ. ಬಸುರಿನ ಮೊದಲ ಎರಡು ತಿಂಗಳಲ್ಲೇ ಹೃದಯ ರೂಪುಗೊಳ್ಳುತ್ತದೆ. ಗ್ರಹಣಕ್ಕೂ ಅದಕ್ಕೂ ಸಂಬಂಧವಿಲ್ಲ. ಇದನ್ನು ಮಗುವಿಗೆ ಕೇಳುವ ಹಾಗೆ ಮನೆಯಲ್ಲಿ ಹೇಳಿ.

ಇನ್ನೊಂದು ವಿಷಯ. ಕೆಲವು ಮಕ್ಕಳಿಗೆ ಕೆಲವು ಆಟ ಸಲ್ಲದು. ಆಪರೇಷನ್‌ನಲ್ಲಿ ಕತ್ತರಿಸಿದ ಎದೆ ಮೂಳೆ ಕೂಡಲು ಆರರಿಂದ ಎಂಟು ವಾರ ಬೇಕು. ರಕ್ತ ತೆಳುವಾಗುವ ಮಾತ್ರೆ ನುಂಗುವ ಮಗುವಿಗೆ ಹಾಕಿಯ ಗಟ್ಟಿ ಚೆಂಡಿನ ಪೆಟ್ಟು ಅಪಾಯ. ಶ್ವಾಸಕೋಶದ ರಕ್ತದೊತ್ತಡ ಹೆಚ್ಚಿದ್ದರೆ, ಎದೆಬಡಿತ ತಪ್ಪುತ್ತಿದ್ದರೆ ಮಿತಿ ಇದ್ದೇ ಇರುತ್ತದೆ. ಹಾಗಾಗಿ ಮುಂದಿನ ಸಲ ಮೈಸೂರಿಗೆ ಹೋದಾಗ ಯಾವ ಆಟ ಆಗುತ್ತದೆ, ಯಾವುದು ಬೇಡ ಅಂತ ಚೀಟಿಯಲ್ಲಿ ಬರೆಸಿಕೊಂಡು ಬನ್ನಿ. ಅದರ ಒಂದು ಜೆರಾಕ್ಸ್ ಪಿ.ಟಿ. ಮಾಸ್ಟರಿಗೆ ಕೊಡಿ. ಚೀಟಿ ಇಲ್ಲದಿದ್ದರೆ ಅವರೂ ಪಾಪ, ನಮಗ್ಯಾಕೆ ರಿಸ್ಕ್ ಅಂತ ಮಗುವನ್ನು ಕೂರಿಸುತ್ತಾರೆ.

ಎರಡು ವಾರವಾದರೂ ಮಗು ಸರಿಯಾಗಿ ನಿದ್ದೆ ಮಾಡದೆ, ಶಾಲೆ ಬೇಡ ಅನ್ನುತ್ತಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಘಟ್ಟದ ಮಳೆಯಲ್ಲಿ ಹೊರಡಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಅವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.